ಟೊಲುಯಿನ್‌ನಲ್ಲಿ ಬದುಕುವ ಬೆಲೆ



ವಿಜ್ಞಾನವನ್ನು ಕನ್ನಡದಲ್ಲಿಯೇ ಹೇಳಬೇಕೆಂಬ ಷರತ್ತಿನ ಮೇಲೆ ಈ ಉಪನ್ಯಾಸದ ದತ್ತಿ ನಿಂತಿದೆ. ಆ ಷರತ್ತು ಹಾಕಿದವರಿಗೆ ನನ್ನ ಮೊದಲ ವಂದನೆ. ವಿಷಕಾರಿ ದ್ರಾವಕಗಳ ನಡುವೆ ಬ್ಯಾಕ್ಟೀರಿಯಾಗಳು ಹೇಗೆ ಜೀವ ಉಳಿಸಿಕೊಳ್ಳುತ್ತವೆ ಎಂಬುದು ಇಂದಿನ ವಿಷಯ. ದ್ರಾವಕ ಎಂದ ಕೂಡಲೇ ಕಾರ್ಖಾನೆ ನೆನಪಾಗುತ್ತದೆ, ನಿಜ. ಆದರೆ ಪೇಂಟ್ ಅಂಗಡಿಯ ಥಿನ್ನರ್, ಉಗುರುಬಣ್ಣ ಅಳಿಸುವ ಅಸಿಟೋನ್, ಇಂಜೆಕ್ಷನ್ ಕೊಡುವ ಮುಂಚೆ ತೋಳಿಗೆ ಒರೆಸುವ ಸ್ಪಿರಿಟ್, ಪೆಟ್ರೋಲ್ ಬಂಕಿನಲ್ಲಿ ಮೂಗಿಗೆ ಅಡರುವ ವಾಸನೆ, ಎಲ್ಲವೂ ದ್ರಾವಕಗಳೇ. ಇವುಗಳಲ್ಲಿ ಟೊಲುಯಿನ್ ಎಂಬ ಒಂದನ್ನು ಹಿಡಿದುಕೊಂಡು ಇಂದು ಮಾತಾಡುತ್ತೇನೆ. ಈ ಕ್ಷೇತ್ರದ ಮುಖ್ಯ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದಿರುವುದು ಅದರ ಮೇಲೆಯೇ.

ಟೊಲುಯಿನ್ ಎಂಥ ವಿಷ ಎಂಬುದಕ್ಕೆ ಲ್ಯಾಬಿನ ಎರಡು ಹಳೆಯ ರೂಢಿಗಳೇ ಸಾಕ್ಷಿ. ಇಪ್ಪತ್ತನಾಲ್ಕು ಗಂಟೆ ಕಾಲ ಸಂಗ್ರಹಿಸಿದ ಮೂತ್ರ ಕೆಡದಿರಲೆಂದು ಆಸ್ಪತ್ರೆಗಳಲ್ಲಿ ಅದರ ಮೇಲೆ ಒಂದಿಷ್ಟು ಟೊಲುಯಿನ್ ಸುರಿದಿಡುತ್ತಿದ್ದರು. ಒಂದು ಸೂಕ್ಷ್ಮಜೀವಿಯೂ ಅದರಲ್ಲಿ ಬೆಳೆಯುವುದಿಲ್ಲವೆಂಬ ನಂಬಿಕೆಯಿಂದ. ಇನ್ನು ಜೀವರಸಾಯನ ಕಲಿಯುವವರಿಗೆ ಗೊತ್ತು: ಈ. ಕೋಲೈ ಬ್ಯಾಕ್ಟೀರಿಯಾದೊಳಗಿನ ಕಿಣ್ವವನ್ನು ಅಳೆಯಬೇಕಾದರೆ ಒಂದು ಹನಿ ಟೊಲುಯಿನ್ ಹಾಕಿ ಪ್ರನಾಳವನ್ನು ಚೆನ್ನಾಗಿ ಅಲುಗಿಸಿದರೆ ಸಾಕು. ಕೋಶದ ಪೊರೆ ಸಡಿಲಗೊಂಡು, ಹೊರಗೆ ಹಾಕಿದ ರಾಸಾಯನಿಕ ಸಲೀಸಾಗಿ ಒಳಗೆ ಹೋಗುತ್ತದೆ. ಹೀಗೆ ಕೊಲ್ಲುವುದಕ್ಕೂ ಕೆಡದಂತೆ ಕಾಯುವುದಕ್ಕೂ ಬಳಕೆಯಾಗುತ್ತಿದ್ದ ದ್ರವದಲ್ಲಿ ಜೀವಿಯೊಂದು ಬೆಳೆಯುತ್ತದೆ ಎಂದರೆ ನಂಬುವುದು ಕಷ್ಟ.

1989ರಲ್ಲಿ ಜಪಾನಿನ ಅಕಿರಾ ಇನೊವೆ ಮತ್ತು ಕೋಕಿ ಹೊರಿಕೋಶಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. ಕ್ಯೂಶೂ ದ್ವೀಪದ ಕುಮಾಮೊಟೊದ ಮಣ್ಣಿನಿಂದ ಅವರು ಬೇರ್ಪಡಿಸಿದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ, ಅರ್ಧ ಪಾಲು ಪೋಷಕ ದ್ರವ, ಅರ್ಧ ಪಾಲು ಟೊಲುಯಿನ್ ಇರುವಲ್ಲಿಯೂ ಬೆಳೆಯುತ್ತಿತ್ತು. ಹೊರಿಕೋಶಿ ಅದಕ್ಕೆ ಮೊದಲೇ ತೀವ್ರ ಕ್ಷಾರದಲ್ಲಿ ಬದುಕುವ ಸೂಕ್ಷ್ಮಜೀವಿಗಳ ಅಧ್ಯಯನದಿಂದ ಹೆಸರಾಗಿದ್ದವರು. ಯಾವ ಜೀವಿಯೂ ಇರಲಾರದು ಎಂದು ಎಲ್ಲರೂ ಕೈಬಿಟ್ಟ ಕಡೆಯಲ್ಲೇ ಹುಡುಕುವುದು ಅವರ ರೀತಿ. ಮುಂದಿನ ಕೆಲವೇ ವರ್ಷಗಳಲ್ಲಿ ಇದೇ ಬಗೆಯ ಬ್ಯಾಕ್ಟೀರಿಯಾಗಳು ಬೇರೆ ಕಡೆಯೂ ಸಿಕ್ಕವು. ನೆದರ್ಲೆಂಡ್ಸ್‌ನ ವಾಖೆನಿಂಗನ್‌ನಲ್ಲಿ ಯಾನ್ ದ ಬೊಂಟ್ ಅವರ ತಂಡದ ಬಳಿ ಸ್ಯೂಡೊಮೊನಾಸ್ ಪುಟಿಡಾ ಎಸ್12 ಇತ್ತು. ಸ್ಪೇನಿನ ಗ್ರನಾಡಾದಲ್ಲಿ ಹುವಾನ್ ಲೂಯಿಸ್ ರಾಮೋಸ್ ಅವರ ತಂಡಕ್ಕೆ ಡಿಒಟಿ-ಟಿ1ಇ ಎಂಬ ತಳಿ ಸಿಕ್ಕಿತು; ಅದು ಬಂದದ್ದು ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ. ಮುಂದೆ ನಾನು ಹೇಳುವ ಬಹುಪಾಲು ಸಂಗತಿಗಳು ಈ ಎರಡು ತಳಿಗಳಿಂದ ತಿಳಿದವು.

ಶೇಕಡಾ 50 ಎಂಬ ಅಂಕಿಯ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಇದನ್ನು ಬೆರಗಿನ ತಲೆಬರಹವಾಗಿ ಬಳಸುತ್ತಾರೆ. ಆದರೆ ಟೊಲುಯಿನ್ ನೀರಿನಲ್ಲಿ ಕರಗುವುದೇ ಲೀಟರಿಗೆ ಸುಮಾರು ಅರ್ಧ ಗ್ರಾಂ. ಅದಕ್ಕಿಂತ ಹೆಚ್ಚು ಸುರಿದರೆ ಉಳಿದದ್ದು ಮೇಲೆ ಪದರವಾಗಿ ತೇಲುತ್ತದೆ. ಆದ್ದರಿಂದ ಶೇಕಡಾ 1ರಷ್ಟು ಹಾಕಿದರೂ 50ರಷ್ಟು ಹಾಕಿದರೂ ನೀರಿನೊಳಗೆ ಕರಗಿರುವ ಪ್ರಮಾಣ ಒಂದೇ. ವ್ಯತ್ಯಾಸ ಬರುವುದು ಅಲುಗಾಟದಲ್ಲಿ ಒಡೆದು ಹರಡುವ ಟೊಲುಯಿನ್ ಹನಿಗಳು ಕೋಶಕ್ಕೆ ನೇರವಾಗಿ ತಾಗುವುದರಿಂದ. ನೀರಿನಲ್ಲಿ ಪೂರ್ತಿ ಕರಗಿ ತುಂಬಿದ ಟೊಲುಯಿನ್ನನ್ನು ತಾಳುವುದೇ ಇಲ್ಲಿ ನಿಜವಾದ ಸಾಹಸ. ಅಷ್ಟನ್ನು ತಾಳುವ ತಳಿಗೆ ಮೇಲೆ ಎಷ್ಟು ತೇಲಿದರೂ ಅದರಿಂದ ಹೆಚ್ಚಿನ ತೊಂದರೆಯಿಲ್ಲ.

ಟೊಲುಯಿನ್ ಕೊಲ್ಲುವ ಬಗೆಯನ್ನು ತಿಳಿಯಲು ಪೊರೆಯನ್ನು ನೋಡಬೇಕು. ಬ್ಯಾಕ್ಟೀರಿಯಾದ ಒಳಪೊರೆ ಕೊಬ್ಬಿನ ಅಣುಗಳ ಎರಡು ಸಾಲು. ಕೊಬ್ಬಿನ ಬಾಲಗಳು ಒಳಮುಖವಾಗಿ ಒಂದನ್ನೊಂದು ಎದುರಿಸಿರುತ್ತವೆ, ನೀರನ್ನು ಮೆಚ್ಚುವ ತಲೆಗಳು ಹೊರಮುಖವಾಗಿರುತ್ತವೆ. ಈ ಪೊರೆಯ ದಪ್ಪ ಕೆಲವೇ ನ್ಯಾನೊಮೀಟರ್. ಆದರೆ ಕೋಶದ ಇಡೀ ಆರ್ಥಿಕತೆ ನಿಂತಿರುವುದು ಅದರ ಮೇಲೆ. ಉಸಿರಾಟದಿಂದ ಬಂದ ಶಕ್ತಿಯಲ್ಲಿ ಕೋಶ ಪ್ರೋಟಾನುಗಳನ್ನು ಪೊರೆಯ ಹೊರಗೆ ತಳ್ಳುತ್ತದೆ. ಅವು ಮರಳಿ ಒಳಗೆ ಬರುವಾಗ ಕೋಶದ ಶಕ್ತಿನಾಣ್ಯವಾದ ಎಟಿಪಿ ತಯಾರಾಗುತ್ತದೆ. ಪೊರೆ ಸೋರಿದರೆ ಪ್ರೋಟಾನುಗಳು ಕೆಲಸ ಮಾಡದೆ ಒಳನುಗ್ಗುತ್ತವೆ, ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಎಟಿಪಿ ಬರಿದಾಗುತ್ತದೆ. ಟೊಲುಯಿನ್ ಕೊಬ್ಬನ್ನು ಹುಡುಕಿಕೊಂಡು ಹೋಗುವ ಅಣು. ಅದು ಈ ಬಾಲಗಳ ನಡುವೆ ಸೇರಿಕೊಂಡು ಪೊರೆಯನ್ನು ಉಬ್ಬಿಸುತ್ತದೆ, ಸಡಿಲಿಸುತ್ತದೆ, ಅದರಲ್ಲಿ ನಾಟಿರುವ ಪ್ರೋಟೀನುಗಳ ಕೆಲಸ ಕೆಡಿಸುತ್ತದೆ. ಸಿಕ್ಕೆಮಾ, ದ ಬೊಂಟ್ ಮತ್ತು ಪೂಲ್ಮನ್ 1990ರ ದಶಕದ ನಡುವಿನಲ್ಲಿ ಇದನ್ನು ಅಳತೆಗಳೊಂದಿಗೆ ಬಿಡಿಸಿ ತೋರಿಸಿದರು.

ಯಾವ ದ್ರಾವಕ ಎಷ್ಟು ಅಪಾಯ ಎಂದು ಹೇಳಲು ಒಂದು ಸರಳ ಅಳತೆಯಿದೆ. ದ್ರಾವಕವನ್ನು ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಮತ್ತು ನೀರು ಎರಡೂ ಇರುವ ಪಾತ್ರೆಯಲ್ಲಿ ಕಲಕಿ, ಯಾವ ಪದರಕ್ಕೆ ಎಷ್ಟು ಹೋಯಿತೆಂದು ನೋಡುತ್ತಾರೆ. ಆ ಅನುಪಾತದ ಲಾಗರಿದಮ್ಮೇ ಲಾಗ್ ಪಿ. ಟೊಲುಯಿನ್ನಿನ ಲಾಗ್ ಪಿ 2.7ರ ಸುಮಾರು, ಅಂದರೆ ನೀರಿಗಿಂತ ಆಕ್ಟನಾಲ್ ಕಡೆಗೆ ಅದು ಐನೂರು ಪಟ್ಟು ಹೆಚ್ಚು ಹೋಗುತ್ತದೆ. ಎಥನಾಲ್‌ನದು ಸೊನ್ನೆಗಿಂತ ಕಡಿಮೆ, ಡೆಕೇನಿನದು 5ಕ್ಕಿಂತ ಹೆಚ್ಚು. ಕೊಬ್ಬನ್ನು ಮೆಚ್ಚಿದಷ್ಟೂ ವಿಷ ಹೆಚ್ಚು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಡೆಕೇನಿನಂಥ ಉದ್ದ ಸರಪಳಿಯ ಅಣು ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಪೊರೆಯನ್ನು ತಲುಪುವ ಪ್ರಮಾಣವೂ ಅಲ್ಪ. ಅದರೊಂದಿಗೆ ಸಾಮಾನ್ಯ ಬ್ಯಾಕ್ಟೀರಿಯಾವೂ ಬಾಳಬಲ್ಲದು. ಎಥನಾಲ್ ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ, ಆದರೆ ಪೊರೆಯ ಕಡೆ ಅದಕ್ಕೆ ಒಲವು ಕಡಿಮೆ. ಅದು ಕೊಲ್ಲಬೇಕಾದರೆ ಬಹಳಷ್ಟು ಬೇಕು. ನೀರಿನಲ್ಲಿ ಒಂದಿಷ್ಟು ಕರಗಿ, ಪೊರೆಯನ್ನೂ ಚೆನ್ನಾಗಿ ಮೆಚ್ಚುವ, ಲಾಗ್ ಪಿ 1.5ರಿಂದ 4ರ ನಡುವಿನ ದ್ರಾವಕಗಳು ಅತಿ ಕೆಟ್ಟವು. ಬೆಂಜೀನ್, ಟೊಲುಯಿನ್, ಸ್ಟೈರೀನ್, ಜೈಲೀನ್, ಆಕ್ಟನಾಲ್ ಎಲ್ಲ ಈ ಗುಂಪಿನವು. ಪ್ರಯೋಗಾಲಯದ ಸಾಮಾನ್ಯ ಈ. ಕೋಲೈ ಹೆಕ್ಸೇನ್ ತಾಳುತ್ತದೆ, ಸೈಕ್ಲೋಹೆಕ್ಸೇನ್ ತಾಳಲಾರದು. ಎರಡರ ಲಾಗ್ ಪಿಯಲ್ಲಿ ಇರುವ ಅಂತರ ಸುಮಾರು 0.5 ಮಾತ್ರ.

ಇನ್ನು ಬ್ಯಾಕ್ಟೀರಿಯಾ ಏನು ಮಾಡುತ್ತದೆ ಎಂಬ ಮುಖ್ಯ ಭಾಗಕ್ಕೆ ಬರೋಣ.

ಟೊಲುಯಿನ್ ತಾಗಿದ ಮೊದಲ ನಿಮಿಷಗಳಲ್ಲಿ ನಡೆಯುವುದು ನಮ್ಮ ಅಡುಗೆಮನೆಗೆ ಪರಿಚಯವಿರುವ ರಸಾಯನಶಾಸ್ತ್ರ. ತುಪ್ಪ ಹೆಪ್ಪುಗಟ್ಟುತ್ತದೆ, ಕಡಲೆಕಾಯಿ ಎಣ್ಣೆ ಹರಿಯುತ್ತದೆ. ತುಪ್ಪದಲ್ಲಿ ಕೊಬ್ಬಿನಾಮ್ಲದ ಬಾಲಗಳು ಬಹುಪಾಲು ನೇರವಾಗಿರುತ್ತವೆ, ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಎಣ್ಣೆಯ ಬಾಲಗಳಲ್ಲಿ ಸಿಸ್ ಎಂದು ಕರೆಯುವ ದ್ವಿಬಂಧವಿದ್ದು, ಅದು ಬಾಲವನ್ನು ಬಾಗಿಸುತ್ತದೆ. ಬಾಗಿದ ಬಾಲಗಳು ಒತ್ತಾಗಿ ಕೂರಲಾರವು. ಎಣ್ಣೆಗೆ ಜಲಜನಕ ಹಾಯಿಸಿ ವನಸ್ಪತಿ ಮಾಡುವಾಗ ಕೆಲವು ಸಿಸ್ ಬಂಧಗಳು ತಿರುಗಿ ಟ್ರಾನ್ಸ್ ಆಗುತ್ತವೆ, ಬಾಲ ನೆಟ್ಟಗಾಗುತ್ತದೆ. ಹೃದಯಕ್ಕೆ ಕೆಡುಕೆಂದು 2022ರ ಜನವರಿಯಿಂದ ನಮ್ಮ ದೇಶದ ಖಾದ್ಯತೈಲ, ವನಸ್ಪತಿಗಳಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ಇರಕೂಡದೆಂದು ಮಿತಿ ಹಾಕಿರುವುದು ಇದೇ ಟ್ರಾನ್ಸ್ ಕೊಬ್ಬಿಗೆ. ಸ್ಯೂಡೊಮೊನಾಸ್ ಪುಟಿಡಾ ತನ್ನ ಪೊರೆಯಲ್ಲಿ ಇದನ್ನೇ ಬೇಕೆಂದು ತಯಾರಿಸಿಕೊಳ್ಳುತ್ತದೆ.

ಇದನ್ನು 1992ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಹೈಪೀಪರ್ ಮತ್ತು ಸಂಗಡಿಗರು ಫೀನಾಲ್ ತಿನ್ನುವ ಪುಟಿಡಾ ಪಿ8 ತಳಿಯಲ್ಲಿ ಕಂಡರು. ಫೀನಾಲ್ ಹಾಕಿದಂತೆಲ್ಲ ಪೊರೆಯ ಸಿಸ್ ಕೊಬ್ಬಿನಾಮ್ಲ ಕಡಿಮೆಯಾಗಿ, ಅಷ್ಟೇ ಪ್ರಮಾಣದಲ್ಲಿ ಟ್ರಾನ್ಸ್ ಹೆಚ್ಚಾಗುತ್ತಿತ್ತು. ಬೆಳವಣಿಗೆ ನಿಂತಿದ್ದ ಕೋಶಗಳಲ್ಲೂ ಇದು ನಡೆಯಿತು. ಹೊಸ ಕೊಬ್ಬು ತಯಾರಾಗದೆ, ಇದ್ದ ಬಾಲವೇ ಇದ್ದಲ್ಲಿಯೇ ನೆಟ್ಟಗಾಗುತ್ತಿತ್ತು ಎಂದರ್ಥ. ಈ ಕೆಲಸದ ಕಿಣ್ವ ಬ್ಯಾಕ್ಟೀರಿಯಾದ ಒಳಪೊರೆ, ಹೊರಪೊರೆಗಳ ನಡುವಿನ ಜಾಗದಲ್ಲಿ ಇರುತ್ತದೆ. ಅದಕ್ಕೆ ಎಟಿಪಿ ಬೇಡ. ಆದೇಶ ಬಂದ ಮೇಲೆ ತಯಾರಾಗಬೇಕಾದ ಕಿಣ್ವವೂ ಅದಲ್ಲ, ಸದಾ ಸಿದ್ಧವಾಗಿರುತ್ತದೆ. ಹಾಗಾದರೆ ದ್ರಾವಕ ಇಲ್ಲದಾಗ ಸುಮ್ಮನೆ ಏಕಿರುತ್ತದೆ? ಪೊರೆ ಬಿಗಿಯಾಗಿರುವಾಗ ದ್ವಿಬಂಧ ಆಳದಲ್ಲಿ ಹುದುಗಿದ್ದು ಕಿಣ್ವಕ್ಕೆ ಎಟಕುವುದಿಲ್ಲ, ದ್ರಾವಕ ಪೊರೆಯನ್ನು ಸಡಿಲಿಸಿದಾಗ ಎಟಕುತ್ತದೆ ಎಂಬುದು ಈ ಸಂಶೋಧಕರು ಕೊಡುವ ವಿವರಣೆ. ಪೊರೆಗೆ ಆದ ಹಾನಿಯೇ ರಿಪೇರಿಗೆ ದಾರಿ ತೆಗೆಯುತ್ತದೆ, ರಿಪೇರಿ ಮುಗಿದಂತೆ ಆ ದಾರಿ ತಾನಾಗಿ ಮುಚ್ಚುತ್ತದೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ನಾನು ಓದಿದ ನಿಯಂತ್ರಣ ವ್ಯವಸ್ಥೆಗಳಲ್ಲಿ ಇಷ್ಟು ಮಿತವ್ಯಯದ್ದು ಮತ್ತೊಂದಿಲ್ಲ ಎನ್ನುವೆ.

ಇದು ತುರ್ತಿನ ಏರ್ಪಾಡು. ಕೋಶ ಬೆಳೆಯತೊಡಗಿದರೆ ನಿಧಾನದ ಬದಲಾವಣೆಗಳೂ ಬರುತ್ತವೆ. ಹೊಸದಾಗಿ ತಯಾರಾಗುವ ಕೊಬ್ಬಿನಲ್ಲಿ ನೇರ ಬಾಲಗಳ ಪಾಲು ಹೆಚ್ಚುತ್ತದೆ, ತಲೆಗಳ ಜಾತಿ ಬದಲಾಗುತ್ತದೆ. ಹೊರಪೊರೆಯಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಸಕ್ಕರೆ ಸೇರಿದ ಕೊಬ್ಬಿನ ಅಣುಗಳನ್ನು ಬಿಗಿಯಾಗಿ ಹಿಡಿದಿಡುತ್ತವೆ. ಪೋಷಕ ದ್ರವದಲ್ಲಿ ಇವು ಸಾಕಷ್ಟಿದ್ದರೆ ತಾಳಿಕೆಯೂ ಹೆಚ್ಚು. ಕೆಲವು ತಳಿಗಳು ಹೊರಪೊರೆಯ ಚೂರುಗಳನ್ನು ಗುಳ್ಳೆಗಳಾಗಿ ಕಳಚಿ, ಅದರೊಂದಿಗೆ ದ್ರಾವಕವನ್ನೂ ಎಸೆಯುತ್ತವೆ. ಆಲ್ಕೊಹಾಲ್ ತಾಳುವ ಜೀವಿಗಳ ಹಾದಿ ಇದಕ್ಕಿಂತ ಸ್ವಲ್ಪ ಬೇರೆ. ಸೇಂದಿಯಲ್ಲಿ ಸಕ್ಕರೆಯನ್ನು ಆಲ್ಕೊಹಾಲ್ ಮಾಡುವವುಗಳಲ್ಲಿ ಒಂದಾದ ಝೈಮೊಮೊನಾಸ್, ಹೋಪನಾಯ್ಡ್ ಎಂಬ ಅಣುಗಳನ್ನು ಪೊರೆಯಲ್ಲಿ ತುಂಬಿಕೊಂಡಿರುತ್ತದೆ. ಜಪಾನಿನ ಸಾಕೆಯನ್ನು ಕೆಡಿಸುವ ಒಂದು ಬಗೆಯ ಲ್ಯಾಕ್ಟೊಬ್ಯಾಸಿಲಸ್ ಅಸಾಧಾರಣ ಉದ್ದದ ಕೊಬ್ಬಿನಾಮ್ಲಗಳನ್ನು ಕಟ್ಟಿಕೊಂಡು ಅಷ್ಟು ಆಲ್ಕೊಹಾಲ್‌ನಲ್ಲೂ ಬೆಳೆಯುತ್ತದೆ.

ಆದರೆ ಪೊರೆಯನ್ನು ಎಷ್ಟು ಬಿಗಿ ಮಾಡಿದರೂ ಟೊಲುಯಿನ್ ಒಳಗೆ ಬಂದೇ ಬರುತ್ತದೆ. ಬಿಗಿ ಮಾಡುವುದರಿಂದ ಸಿಗುವುದು ಸ್ವಲ್ಪ ಸಮಯ ಅಷ್ಟೇ. ಗ್ರನಾಡಾದ ತಳಿಯಲ್ಲಿ ಸಿಸ್ ಬಂಧವನ್ನು ಟ್ರಾನ್ಸ್‌ಗೆ ತಿರುಗಿಸುವ ಆ ಕಿಣ್ವದ ಜೀನನ್ನೇ ಕೆಡಿಸಿ ನೋಡಿದರು. ಬ್ಯಾಕ್ಟೀರಿಯಾ ಬಳಲಿತು, ಬೆಳವಣಿಗೆಗೆ ತೊಡಗಲು ಹೆಚ್ಚು ಹೊತ್ತು ತೆಗೆದುಕೊಂಡಿತು, ಆದರೆ ಸಾಯಲಿಲ್ಲ. ಅದನ್ನು ಬದುಕಿಸುತ್ತಿದ್ದ ಬೇರೆ ಏನೋ ಇರಬೇಕಾಗಿತ್ತು.

ಬ್ಯಾಕ್ಟೀರಿಯಾ ಟೊಲುಯಿನ್ನನ್ನು ತಿಂದು ಮುಗಿಸುತ್ತಿರಬಹುದು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಊಹೆ. ಆದರೆ ಎಸ್12 ತಳಿ ಟೊಲುಯಿನ್ನನ್ನು ತಿನ್ನುವುದೇ ಇಲ್ಲ. ಆದರೂ ಅದರಲ್ಲಿ ಬದುಕುತ್ತದೆ. ಗ್ರನಾಡಾದ ತಳಿ ತಿನ್ನುತ್ತದೆ, ಆದರೆ ತಿನ್ನುವ ದಾರಿಯನ್ನು ಕಡಿದು ಹಾಕಿದ ರೂಪಾಂತರಿಯೂ ತಾಳಿಕೊಂಡಿತು. ತಿನ್ನುವುದು ಬೇರೆ, ತಾಳುವುದು ಬೇರೆ. ತೈಲಮಾಲಿನ್ಯ ತೊಳೆಯುವ ಬ್ಯಾಕ್ಟೀರಿಯಾಗಳ ಬಗ್ಗೆ ಉತ್ಸಾಹದಿಂದ ಬರೆಯುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಆನಂದ ಮೋಹನ ಚಕ್ರವರ್ತಿಯವರು ಹೈಡ್ರೊಕಾರ್ಬನ್ ತಿನ್ನುವ ಸ್ಯೂಡೊಮೊನಾಸ್ ರೂಪಿಸಿದರು. ಜೀವಿಗೂ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ 5–4ರ ಬಹುಮತದಿಂದ ತೀರ್ಪಿತ್ತದ್ದು ಆ ಪ್ರಕರಣದಲ್ಲಿಯೇ. ಆ ಸಾಧನೆ ದೊಡ್ಡದು. ಆದರೆ ಎಷ್ಟೇ ಹಸಿದ ಬ್ಯಾಕ್ಟೀರಿಯಾ ಇರಲಿ, ಊಟ ಮುಗಿಯುವವರೆಗೆ ಜೀವಂತವಾಗಿ ಇರಬೇಕಲ್ಲ.

ಉತ್ತರ ಕೊಟ್ಟದ್ದು 1996ರಲ್ಲಿ ಇಸ್ಕೆನ್ ಮತ್ತು ದ ಬೊಂಟ್ ಎಸ್12ರ ಮೇಲೆ ಮಾಡಿದ ಪ್ರಯೋಗ. ವಿಕಿರಣಶೀಲ ಇಂಗಾಲ ಸೇರಿಸಿದ ಟೊಲುಯಿನ್ನನ್ನು ಕೋಶಗಳಿಗೆ ಕೊಟ್ಟು, ಕೋಶದಲ್ಲಿ ಎಷ್ಟು ಸೇರಿಕೊಂಡಿತೆಂದು ಎಣಿಸಿದರು. ಟೊಲುಯಿನ್ ಕಂಡರಿಯದ ಕೋಶಗಳಲ್ಲಿ ಅದು ಹೆಚ್ಚು ಸೇರಿತು, ಟೊಲುಯಿನ್‌ಗೆ ಹೊಂದಿಕೊಂಡು ಬೆಳೆದವುಗಳಲ್ಲಿ ಕಡಿಮೆ. ಇಲ್ಲಿಗೆ ನಿಲ್ಲಿಸಿದ್ದರೆ ಪೊರೆ ಬಿಗಿಯಾಗಿದೆ ಎಂದಷ್ಟೇ ಹೇಳಬಹುದಿತ್ತು. ಅವರು ಹೊಂದಿಕೊಂಡ ಕೋಶಗಳಿಗೆ ಶಕ್ತಿಯ ಉತ್ಪಾದನೆ ನಿಲ್ಲಿಸುವ ವಿಷ ಕೊಟ್ಟರು. ಒಳಗಿನ ಟೊಲುಯಿನ್ ಏರಿತು. ಪೊರೆ ಬಿಗಿಯಾದದ್ದಷ್ಟೇ ಕಾರಣವಾಗಿದ್ದರೆ ಶಕ್ತಿ ನಿಂತಾಗ ಏರಬೇಕಾಗಿರಲಿಲ್ಲ. ಕೋಶ ಶಕ್ತಿ ಖರ್ಚು ಮಾಡಿ ಟೊಲುಯಿನ್ನನ್ನು ಹೊರಗೆ ಎಸೆಯುತ್ತಿತ್ತು.

ಎರಡು ವರ್ಷಗಳಲ್ಲೇ ಆ ಪಂಪಿನ ಜೀನುಗಳು ಸಿಕ್ಕವು. ಎಸ್12ರ ಪಂಪು ಎಸ್‌ಆರ್‌ಪಿಎಬಿಸಿ. ಗ್ರನಾಡಾದ ತಳಿಯಲ್ಲಿ ಒಂದಲ್ಲ, ಮೂರು: ಟಿಟಿಜಿಎಬಿಸಿ, ಟಿಟಿಜಿಡಿಇಎಫ್, ಟಿಟಿಜಿಜಿಎಚ್‌ಐ. ಪ್ರತಿ ಪಂಪಿಗೂ ಮೂರು ಅಂಗ: ಒಳಪೊರೆಯಲ್ಲಿ ನಾಟಿರುವ ಎಂಜಿನ್, ಹೊರಪೊರೆಯಲ್ಲಿ ಒಂದು ಕೊಳವೆ, ನಡುವೆ ಎರಡನ್ನೂ ಕೂಡಿಸುವ ಪ್ರೋಟೀನ್. ಟೊಲುಯಿನ್ ಎರಡೂ ಪೊರೆ ದಾಟಿ ನೇರವಾಗಿ ಹೊರಗೆ ಬೀಳುತ್ತದೆ. ಈ ಕುಟುಂಬದ್ದೇ ಆದ ಈ. ಕೋಲೈನ ಎಸಿಆರ್‌ಬಿ ಪಂಪಿನ ರಚನೆಯನ್ನು ಜಪಾನಿನ ಮುರಕಾಮಿ, ಯಮಗುಚಿ ಮತ್ತು ಸಂಗಡಿಗರು 2006ರಲ್ಲಿ ವಿವರವಾಗಿ ತೋರಿಸಿದರು. ಅದರಲ್ಲಿ ಒಂದೇ ಪ್ರೋಟೀನಿನ ಮೂರು ಪ್ರತಿಗಳು ಒತ್ತಾಗಿ ಕೂತಿರುತ್ತವೆ. ಯಾವ ಕ್ಷಣದಲ್ಲಿ ನೋಡಿದರೂ ಒಂದು ಅಣುವನ್ನು ಒಳಗೆ ಬಿಟ್ಟುಕೊಳ್ಳುತ್ತಿರುತ್ತದೆ, ಇನ್ನೊಂದು ಹಿಡಿದಿರುತ್ತದೆ, ಮೂರನೆಯದು ಹೊರಗೆ ದೂಡುತ್ತಿರುತ್ತದೆ. ಸರದಿಯಂತೆ ಪಾತ್ರ ಬದಲಾಗುತ್ತದೆ. ನಡೆಸುವ ಶಕ್ತಿ ಬರುವುದು ಪೊರೆಯ ಹೊರಗಿನಿಂದ ಒಳಗೆ ಹರಿಯುವ ಪ್ರೋಟಾನುಗಳಿಂದ. ಎಟಿಪಿ ಮಾಡಲು ಬಳಸಬೇಕಾದ ಪ್ರೋಟಾನುಗಳೇ ಅವು.

ಗ್ರನಾಡಾದವರ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಫ್ಲಾಸ್ಕಿನಲ್ಲಿ ಪೋಷಕ ದ್ರವ, ಅದರೊಳಗೆ ತೂಗುಬಿಟ್ಟ ಪುಟ್ಟ ಗಾಜಿನ ನಳಿಕೆಯಲ್ಲಿ ಟೊಲುಯಿನ್, ಬಾಯಿಗೆ ಬಿಗಿಯಾದ ಮುಚ್ಚಳ. ದ್ರವಕ್ಕೆ ಟೊಲುಯಿನ್ ಬೀಳುವುದಿಲ್ಲ, ಆವಿ ಮಾತ್ರ ತಾಗುತ್ತದೆ. ಹೀಗೆ ಆವಿಯಲ್ಲಿ ಬೆಳೆದ ಕೋಶಗಳಿಗೆ ಬಳಿಕ ಶೇಕಡಾ 0.3ರಷ್ಟು ಟೊಲುಯಿನ್ನನ್ನು ಒಮ್ಮೆಗೇ ಸುರಿದರೆ ಬಹುತೇಕ ಎಲ್ಲವೂ ಉಳಿಯುತ್ತವೆ. ಆವಿ ಕಾಣದೆ ಬೆಳೆದ ಅದೇ ತಳಿಯ ಕೋಶಗಳಿಗೆ ಅಷ್ಟೇ ಸುರಿದರೆ ಸಾವಿರಕ್ಕೆ ಒಂದೂ ಉಳಿಯುವುದಿಲ್ಲ. ಜೀನುಗಳು ಎರಡೂ ಕಡೆ ಒಂದೇ. ಮುನ್ಸೂಚನೆ ಸಿಕ್ಕಿತೇ ಇಲ್ಲವೇ ಎಂಬುದೇ ವ್ಯತ್ಯಾಸ. ಮೂರು ಪಂಪುಗಳಲ್ಲಿ ಮೊದಲನೆಯದು ಯಾವಾಗಲೂ ಕೆಲಸ ಮಾಡುತ್ತಿರುತ್ತದೆ. ಟೊಲುಯಿನ್ ತಿನ್ನುವ ಜೀನುಗಳ ಪಕ್ಕದಲ್ಲೇ ಇರುವ ಎರಡನೆಯದು ಟೊಲುಯಿನ್ ಬಂದಾಗ ಮಾತ್ರ ಏಳುತ್ತದೆ. ಮೂರನೆಯದು ಸದಾ ಒಂದಿಷ್ಟು ಇದ್ದು, ಟೊಲುಯಿನ್ ಬಂದಾಗ ಹೆಚ್ಚುತ್ತದೆ. ಮೂರನ್ನೂ ಕಿತ್ತ ರೂಪಾಂತರಿ ಆವಿಯನ್ನೇ ತಾಳಲಿಲ್ಲ.

ಎಲ್ಲ ಪಂಪುಗಳನ್ನೂ ಸದಾ ಓಡಿಸುತ್ತಿರಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನನ್ನ ಉಪನ್ಯಾಸದ ತಿರುಳು ಈ ಪ್ರಶ್ನೆಯಲ್ಲೇ ಇದೆ. ತಾಳಿಕೆ ಬಿಟ್ಟಿ ಬರುವುದಿಲ್ಲ. ಟೊಲುಯಿನ್ ಜೊತೆಗೆ ಬೆಳೆಸಿದ ಎಸ್12, ಅಷ್ಟೇ ಆಹಾರದಲ್ಲಿ ಕಡಿಮೆ ಸಂತಾನ ಕೊಡುತ್ತದೆ. ಉಂಡದ್ದರಲ್ಲಿ ದೊಡ್ಡ ಪಾಲು ಬೆಳವಣಿಗೆಗೆ ಹೋಗದೆ ಬರೀ ಜೀವ ಹಿಡಿದಿಟ್ಟುಕೊಳ್ಳುವುದಕ್ಕೆ ಹೋಗುತ್ತದೆ. ಒಂದು ಕಡೆ ಸೋರುವ ಪೊರೆಯಿಂದ ಪ್ರೋಟಾನು ವ್ಯರ್ಥವಾಗುತ್ತಿರುತ್ತದೆ, ಇನ್ನೊಂದು ಕಡೆ ಪಂಪಿಗೂ ಅದೇ ಪ್ರೋಟಾನು ಬೇಕು. ಅದಕ್ಕೇ ಟೊಲುಯಿನ್ ಬಂದಾಗ ಏಳುವ ಪಂಪುಗಳ ಜೀನಿನ ಮೇಲೆ ತಡೆಪ್ರೋಟೀನ್ ಕೂತಿರುತ್ತದೆ. ದ್ರಾವಕ ಬಂದು ಅದನ್ನು ಮುಟ್ಟಿದಾಗ ಮಾತ್ರ ಸರಿಯುತ್ತದೆ. ಹೆಚ್ಚು ಕಠಿಣ ಪರಿಸ್ಥಿತಿಯಲ್ಲಿ ಈ ತಡೆಯೇ ನಾಶವಾಗುವುದುಂಟು. ಎಸ್12ರಲ್ಲಿ ಜಿಗಿದಾಡುವ ಡಿಎನ್ಎ ತುಣುಕೊಂದು ತಡೆಯ ಜೀನಿನೊಳಗೆ ನುಗ್ಗಿ ಅದನ್ನು ಕೆಡಿಸಿದ್ದನ್ನು 2001ರಲ್ಲಿ ವಾಖೆನಿಂಗನ್ ತಂಡ ವರದಿ ಮಾಡಿತು. ಅಂಥ ಕೋಶದಲ್ಲಿ ಪಂಪು ಬಿಡುವಿಲ್ಲದೆ ಓಡುತ್ತದೆ. ತೀವ್ರ ದ್ರಾವಕದಲ್ಲಿ ಗೆಲ್ಲುವುದು ಅದೇ. ಬ್ಯಾಕ್ಟೀರಿಯಾ ಕಲಿಯಿತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅಲ್ಲಿ ನಡೆಯುವುದು ಕೋಟ್ಯಂತರ ಕೋಶಗಳ ಸಾವು, ಅಕಸ್ಮಾತ್ ಸಿದ್ಧವಾಗಿದ್ದ ಕೆಲವೇ ಕೋಶಗಳ ಉಳಿವು.

ಮನುಷ್ಯನಿಗೆ ಇದರಿಂದ ಪ್ರಯೋಜನವಿದೆ. ಹುದುಗಿನಿಂದ ರಾಸಾಯನಿಕ ತಯಾರಿಸುವವರ ಹಳೆಯ ಗೋಳೆಂದರೆ, ಉತ್ಪನ್ನವೇ ಉತ್ಪಾದಕನನ್ನು ಕೊಲ್ಲುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಖೈಮ್ ವೈಸ್‌ಮನ್ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದಿಂದ ಅಸಿಟೋನ್ ಮತ್ತು ಬ್ಯೂಟನಾಲ್ ತಯಾರಿಸುವ ವಿಧಾನ ಕಟ್ಟಿದರು. ಮದ್ದುಗುಂಡಿಗೆ ಅಸಿಟೋನ್ ಬೇಕಿತ್ತು. ಬ್ಯೂಟನಾಲ್ ಲೀಟರಿಗೆ ಹದಿಮೂರು ಗ್ರಾಂ ಆಸುಪಾಸು ಮುಟ್ಟಿದರೆ ಆ ಬ್ಯಾಕ್ಟೀರಿಯಾ ಕೈಚೆಲ್ಲುತ್ತಿತ್ತು. ಅಷ್ಟು ತೆಳುವಾದ ದ್ರವದಿಂದ ಬ್ಯೂಟನಾಲ್ ಭಟ್ಟಿ ಇಳಿಸುವ ಇಂಧನದ ಖರ್ಚು ಇಂದಿಗೂ ಆ ಉದ್ಯಮದ ಕುತ್ತಿಗೆಗೆ ಬಿದ್ದಿದೆ. 2005ರಲ್ಲಿ ಡಚ್ ಸಂಶೋಧಕರು ಎಸ್12ಗೆ ಬೇರೊಂದು ಬ್ಯಾಕ್ಟೀರಿಯಾದ ಜೀನು ಸೇರಿಸಿ, ಗ್ಲುಕೋಸಿನಿಂದ ಫೀನಾಲ್ ತೆಗೆದರು. ಮೇಲೆ ಆಕ್ಟನಾಲ್ ಪದರ ತೇಲಿಬಿಟ್ಟು ಫೀನಾಲ್ ಅದರೊಳಗೆ ಹೋಗುವಂತೆ ಮಾಡಿದರು. ಆ ಆಕ್ಟನಾಲ್ಲೇ ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಮಾರಕ. 2011ರಲ್ಲಿ ಕ್ಯಾಲಿಫೋರ್ನಿಯಾದ ಮೇರಿ ಡನ್‌ಲಪ್ ಮತ್ತು ಸಂಗಡಿಗರು ನಾನಾ ಬ್ಯಾಕ್ಟೀರಿಯಾಗಳಿಂದ 43 ಪಂಪುಗಳನ್ನು ಆರಿಸಿ ಈ. ಕೋಲೈಗೆ ಹಾಕಿ ಪರೀಕ್ಷಿಸಿದರು. ಕಡಲಿನ ತೈಲ ತಿನ್ನುವ ಬ್ಯಾಕ್ಟೀರಿಯಾವೊಂದರ ಪಂಪು ಲಿಮೊನೀನ್ ಎಂಬ ರಾಸಾಯನಿಕದ ತಯಾರಿಕೆಯನ್ನು ಹೆಚ್ಚಿಸಿತು.

ಈಗ ನನ್ನನ್ನು ಹೆಚ್ಚು ಕಾಡುವ ಕಡೆಗೆ ಬರುತ್ತೇನೆ. ಬಾಸ್ಟನ್ನಿನ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದಂತೆ, ಈ. ಕೋಲೈನಲ್ಲಿ ಹಲವು ಆಂಟಿಬಯೋಟಿಕ್‌ಗಳಿಗೆ ಒಟ್ಟಿಗೆ ಪ್ರತಿರೋಧ ಕೊಡುವ ಜೀನುಗಳು ಎಸಿಆರ್‌ಎಬಿ ಪಂಪನ್ನು ಹೆಚ್ಚಿಸಿಯೇ ದ್ರಾವಕಗಳನ್ನೂ ತಾಳುವಂತೆ ಮಾಡುತ್ತವೆ. ಗ್ರನಾಡಾದ ಟಿಟಿಜಿಎಬಿಸಿ ಪಂಪು ಟೊಲುಯಿನ್ ಜೊತೆಗೆ ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ನನ್ನೂ ಹೊರಗೆ ಹಾಕುತ್ತದೆ. ಎಲ್ಲ ದ್ರಾವಕ ಪಂಪುಗಳೂ ಹೀಗಲ್ಲ ಎಂಬುದನ್ನು ಸೇರಿಸಬೇಕು. ಎಸ್12ರ ಪಂಪು ಆಂಟಿಬಯೋಟಿಕ್‌ಗಳನ್ನು ಮುಟ್ಟುವುದಿಲ್ಲ. ಆದರೆ ಎರಡೂ ತಳಿಗಳಲ್ಲಿ ಕೆಲವು ಪಂಪುಗಳ ಜೀನುಗಳು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್ಎ ಉಂಗುರದ ಮೇಲೆ ಕೂತಿವೆ. ಗ್ರನಾಡಾದ ತಳಿಯ ಪ್ಲಾಸ್ಮಿಡ್ ತಾನಾಗಿಯೇ ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಲ್ಲದು.

ದ್ರಾವಕವೂ ಔಷಧವೂ ಒಂದೇ ನೀರಿನಲ್ಲಿ ಸೇರುವ ಸ್ಥಳಗಳು ನಮ್ಮ ಸುತ್ತ ಇವೆ. ಔಷಧ ತಯಾರಿಕೆಯಲ್ಲಿ ದ್ರಾವಕ ಇಲ್ಲದ ಹಂತವೇ ಕಡಿಮೆ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಅದರಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಔಷಧ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು! ಬೀದರಿನ ಕೊಳ್ಹಾರ, ರಾಯಚೂರು, ನಂಜನಗೂಡುಗಳಲ್ಲಿ ನಮ್ಮದೇ ಔಷಧ ಕಾರ್ಖಾನೆಗಳಿವೆ. ಅಲ್ಲಿನ ಮಣ್ಣು, ಕಾಲುವೆ, ಬಾವಿಗಳ ಬ್ಯಾಕ್ಟೀರಿಯಾಗಳಲ್ಲಿ ಯಾವ ಪಂಪುಗಳಿವೆ, ಅವು ಯಾವ ಔಷಧವನ್ನು ಹೊರಗೆ ಹಾಕುತ್ತವೆ ಎಂದು ವರ್ಷ ವರ್ಷವೂ ನೋಡುತ್ತಿರುವುದು ಆ ಜಿಲ್ಲೆಗಳ ಕಾಲೇಜುಗಳ ಕೆಲಸವಾಗಬೇಕು. ಎಂಎಸ್ಸಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣದು. ಟೊಲುಯಿನ್ ಆವಿಯ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಬಿಗಿ ಮುಚ್ಚಳದ ಗಾಜಿನ ಪಾತ್ರೆ, ಗಾಳಿ ಹೊರಗೆ ಸೆಳೆಯುವ ಫ್ಯೂಮ್ ಹುಡ್, ಎಚ್ಚರದ ಕೈ ಇದ್ದರೆ ಆಯಿತು.

ಸ್ಯಾನಿಟೈಸರಿನ ಆಲ್ಕೊಹಾಲ್ ಕೂಡ ದ್ರಾವಕವೇ; ಅದರ ಬಗ್ಗೆಯೂ ಹೇಳಬೇಕು. ಮೆಲ್ಬರ್ನ್‌ನ ಎರಡು ಆಸ್ಪತ್ರೆಗಳಲ್ಲಿ 1997ರಿಂದ 2015ರವರೆಗೆ ರೋಗಿಗಳಿಂದ ಸಂಗ್ರಹಿಸಿದ್ದ 139 ಎಂಟೆರೊಕಾಕಸ್ ಬ್ಯಾಕ್ಟೀರಿಯಾ ತಳಿಗಳನ್ನು ಶೇಕಡಾ 23ರ ಐಸೊಪ್ರೊಪನಾಲ್‌ನಲ್ಲಿಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. 2010ರ ನಂತರದ ತಳಿಗಳು ಹಳೆಯವುಗಳಿಗಿಂತ ಹತ್ತು ಪಟ್ಟು ಹೆಚ್ಚು ತಾಳುತ್ತಿದ್ದವು. ಇಲ್ಲಿ ಬದಲಾಗಿದ್ದು ಪಂಪುಗಳಲ್ಲ, ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವ ಮತ್ತು ಬಳಸುವ ಜೀನುಗಳು. ಶೇಕಡಾ 70ರ ಐಸೊಪ್ರೊಪನಾಲ್‌ನಿಂದ ಒರೆಸಿದ ಪಂಜರದಲ್ಲಿ ಇಲಿಗಳನ್ನು ಬಿಟ್ಟಾಗಲೂ ತಾಳುವ ತಳಿಯೇ ಅವುಗಳ ಕರುಳಿನಲ್ಲಿ ಹೆಚ್ಚು ನೆಲೆಯೂರಿತು. ಇದನ್ನು ಕೇಳಿ ಸ್ಯಾನಿಟೈಸರ್ ಬಿಡಬೇಡಿ. ಅದು ಕಾಪಾಡಿದ ಜೀವಗಳು ಅಸಂಖ್ಯ. ಆದರೆ ಕೋವಿಡ್ ಕಾಲದಲ್ಲಿ ಅಂಗಡಿ, ಕಚೇರಿಗಳ ಬಾಗಿಲಲ್ಲಿ ಬಾಟಲಿಗೆ ನೀರು ಬೆರೆಸಿ ಇಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಇರುವುದು ಶೇಕಡಾ 80. ಅದನ್ನು ಅರ್ಧ ಮಾಡಿದರೆ ಕೊಲ್ಲುವ ದ್ರವ ಹೋಗಿ ಆರಿಸುವ ದ್ರವ ಉಳಿಯುತ್ತದೆ.

ಕಡೆಯದಾಗಿ ನನ್ನ ಸಹೋದ್ಯೋಗಿಗಳಲ್ಲಿ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ವಿಭಾಗಗಳ ಮುಖ್ಯಸ್ಥರಲ್ಲಿ ಒಂದು ವಿನಂತಿ. ಪ್ರಯೋಗ ಮುಗಿದ ಮೇಲೆ ಉಳಿದ ಟೊಲುಯಿನ್, ಕ್ಲೋರೊಫಾರ್ಮ್, ಅಸಿಟೋನ್‌ಗಳನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸುವ ಅಭ್ಯಾಸ ಅನೇಕ ಲ್ಯಾಬುಗಳಲ್ಲಿದೆ. ಚರಂಡಿಯಲ್ಲಿ ಅದು ತೆಳುವಾಗುತ್ತದೆ, ಕೊಲ್ಲುವಷ್ಟು ಇರುವುದಿಲ್ಲ. ಗ್ರನಾಡಾದ ಫ್ಲಾಸ್ಕಿನ ಆವಿಯಂತೆ ಪಂಪುಗಳನ್ನು ಎಬ್ಬಿಸುವಷ್ಟು ಇರಬಹುದು. ಅದೇ ಚರಂಡಿಗೆ ಹಾಸ್ಟೆಲ್ಲಿನ, ಆಸ್ಪತ್ರೆಯ ನೀರೂ ಸೇರುತ್ತದೆ. ಪ್ರತಿ ಲ್ಯಾಬಿನಲ್ಲೂ ಎರಡು ಕ್ಯಾನು ಇಡಿ: ಕ್ಲೋರಿನ್ ಇರುವ ದ್ರಾವಕಗಳಿಗೆ ಒಂದು, ಇಲ್ಲದವುಗಳಿಗೆ ಒಂದು. ಮೇಲೆ ಹೆಸರು, ದಿನಾಂಕ ಬರೆಯಿರಿ, ತುಂಬಿದಾಗ ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತರಿಗೆ ಕೊಡಿ, ಅದಕ್ಕೆ ಬೇಕಾದ ಹಣವನ್ನು ಪ್ರಾಂಶುಪಾಲರಲ್ಲಿ ಕೇಳಿ ಪಡೆಯಿರಿ. ವಿದ್ಯಾರ್ಥಿಗಳೆ, ನಿಮ್ಮ ಲ್ಯಾಬಿನಲ್ಲಿ ಆ ಕ್ಯಾನುಗಳು ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ.